ಹೊಳೆಯ ಉಸುಕು ಅಸಲು, ಬಡ್ಡಿಯಲ್ಲ



ಹೊಳೆಯ ನೀರು ಇಳಿದು ಉಸುಕಿನ ದಿಣ್ಣೆಗಳು ಮೇಲೇಳುವ ಕಾಲ ಬಂತೆಂದರೆ ತುಂಗಭದ್ರೆಯ ಎರಡೂ ದಡದ ಊರುಗಳಿಗೆ ಎರಡು ಬಗೆಯ ಪ್ರಸ್ತಾವಗಳು ಬರುತ್ತವೆ. ಒಂದು ಕಾಗದದ ಮೇಲೆ ಬರುತ್ತದೆ. ಇಂಥ ಊರಿನ ಎದುರಿನ ಹೊಳೆಪಾತ್ರದಲ್ಲಿ ಇಷ್ಟು ಎಕರೆಯ ಮರಳು ಬ್ಲಾಕ್ ಗುರುತಿಸಲಾಗಿದೆ ಎಂಬುದು ಅದರ ಸಾರಾಂಶ. ಇನ್ನೊಂದು ಮೋಟಾರ್ ಸೈಕಲ್ ಏರಿ ಮನೆ ಬಾಗಿಲಿಗೇ ಬರುತ್ತದೆ. "ಗೌಡ್ರೇ, ನಿಮ್ಮ ಹೊಳೆದಂಡಿ ಹೊಲದಾಗ ಉಸುಕೈತಿ. ಮ್ಯಾಲಿನ ಮಣ್ಣು ಸರಿಸಿ ತಗೊಂಡು ಹೋಗ್ತೀವಿ. ರೊಕ್ಕ ಒಂದ ಸಲಕ್ಕ ಕೊಡ್ತೀವಿ" ಎಂಬುದು ಅದರ ಧಾಟಿ.

ಮೊದಲನೆಯದು ಊರಿನ ಹೊಳೆಗೆ ಸಂಬಂಧಿಸಿದ್ದು, ಎರಡನೆಯದು ನಿಮ್ಮ ಸ್ವಂತ ಪಟ್ಟಾ ಜಮೀನಿಗೆ ಸಂಬಂಧಿಸಿದ್ದು. ಎರಡಕ್ಕೂ ಒಪ್ಪಿಗೆ ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೊಳೆಯ ಉಸುಕನ್ನು ನಂಬಿ ಬದುಕುವ ನೀರುನಾಯಿ, ಆಮೆ, ಮೊಸಳೆ, ಹಕ್ಕಿಗಳ ಪರವಾಗಿ ಈ ಮಾತು ಹೇಳುತ್ತಿದ್ದೇನೆ. ಅದೇ ಉಸುಕನ್ನು ನಂಬಿ ಬದುಕುವ ನಿಮ್ಮ ಬಾವಿ, ಪಂಪ್‌ಸೆಟ್, ಹೊಲಗಳ ಪರವಾಗಿಯೂ ಹೇಳುತ್ತಿದ್ದೇನೆ. ಇವೆರಡೂ ಬೇರೆ ಬೇರೆ ವಿಷಯಗಳಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಉಸುಕಿನೊಳಗಿನ ನೀರಿನ ಲೆಕ್ಕ

ಉಸುಕು ಒಣ ವಸ್ತುವಿನಂತೆ ಕಂಡರೂ ಹೊಳೆಪಾತ್ರದಲ್ಲಿ ಅದು ಮುಚ್ಚಳ ಹಾಕಿದ ನೀರಿನ ತೊಟ್ಟಿ. ಬೇಸಿಗೆಯಲ್ಲಿ ಹಗರಿಯಂಥ ಹಳ್ಳದಲ್ಲಿ ಮೇಲೆ ಹನಿ ನೀರು ಕಾಣದಿದ್ದರೂ ಮೊಣಕಾಲುದ್ದ ಒರತೆ ತೋಡಿದರೆ ತಿಳಿನೀರು ಜಿನುಗುವುದನ್ನು ಹಿರಿಯರೆಲ್ಲ ಬಲ್ಲರು. ಕಾಳಿನಿಂದ ಕಾಳಿಗೆ ಇರುವ ಸಂದುಗಳಲ್ಲಿ ನೀರು ನಿಂತಿರುತ್ತದೆ. ಮೇಲಿನ ಒಣ ಪದರವು ಬಿಸಿಲು ಕೆಳಗಿನ ನೀರನ್ನು ಹೀರದಂತೆ ಕಾಯುತ್ತದೆ.

ಪೂರ್ತಿ ನೆನೆದ ಒಂದು ಘನ ಮೀಟರ್ ಒರಟು ಉಸುಕಿನಿಂದ ಕಡಿಮೆ ಎಂದರೂ 200 ಲೀಟರ್ ನೀರು ಬಸಿದು ಬರುತ್ತದೆ. ಈಗ ಲೆಕ್ಕ ಹಾಕಿ ನೋಡಿ. ಒಂದು ಕಿಲೋಮೀಟರ್ ಉದ್ದ, 100 ಮೀಟರ್ ಅಗಲ, 3 ಮೀಟರ್ ಆಳದ ಉಸುಕಿನ ಹಾಸು ಎಂದರೆ 3 ಲಕ್ಷ ಘನ ಮೀಟರ್. ಅದರಲ್ಲಿ 6 ಕೋಟಿ ಲೀಟರ್ ಬಳಸಬಹುದಾದ ನೀರಿದೆ. ಒಂದು ಎಕರೆಗೆ ಎರಡು ಅಂಗುಲ ನೀರು ಕೊಡಲು ಸುಮಾರು 2 ಲಕ್ಷ ಲೀಟರ್ ಬೇಕು. ಆ ಒಂದು ಕಿಲೋಮೀಟರ್ ಉಸುಕಿನಲ್ಲಿ ಸುಮಾರು 290 ಎಕರೆಗೆ ಒಂದು ತಡವೆ ನೀರುಣಿಸುವಷ್ಟು ನೀರು ಅಡಗಿದೆ ಎಂದಾಯಿತು. ಇದು ಒಂದೇ ಸಲ ತುಂಬಿದ ಲೆಕ್ಕ. ಹೊಳೆಯಲ್ಲಿ ನೀರು ಹರಿದಾಗಲೆಲ್ಲ ಈ ತೊಟ್ಟಿ ಮತ್ತೆ ತುಂಬುತ್ತದೆ, ದಡದ ಬಾವಿಗಳಿಗೆ ಒಳಗಿಂದೊಳಗೆ ನೀರು ಸಾಗಿಸುತ್ತದೆ. ಇದಕ್ಕೆ ವಿದ್ಯುತ್ ಬೇಡ, ದುರಸ್ತಿ ಬೇಡ.

ಲಾರಿಯಲ್ಲಿ ಹೋಗುವುದು ಬರಿಯ ಉಸುಕಲ್ಲ, ಈ ತೊಟ್ಟಿಯ ಒಂದೊಂದು ತುಂಡು. ಪಾತ್ರ ಎಷ್ಟು ಆಳ ಇಳಿಯಿತೋ ದಡದ ಬಾವಿಯ ನೀರೂ ಅದರ ಹಿಂದೆಯೇ ಇಳಿಯುತ್ತದೆ. ಆಮೇಲೆ ಕೊಳವೆ ಬಾವಿ ಕೊರೆಸಲು ಮಾಡುವ ಸಾಲವನ್ನು ಉಸುಕು ಒಯ್ದವರು ತೀರಿಸುವುದಿಲ್ಲ.

ಆಣೆಕಟ್ಟೆಯ ಕೆಳಗೆ ಉಸುಕು ಮತ್ತೆ ಬರುವುದಿಲ್ಲ

"ಮುಂದಿನ ಮಳೆಗಾಲದಲ್ಲಿ ಹೊಳೆ ಬಂದರೆ ಗುಂಡಿ ತಾನಾಗಿ ತುಂಬುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. ಮೇಲೆ ಕಟ್ಟೆ ಇಲ್ಲದ ಹೊಳೆಯಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿದೆ. ತುಂಗಭದ್ರಾ ಜಲಾಶಯದ ಕೆಳಗೆ ಅರ್ಥವಿಲ್ಲ.

1953ರ ಹೊತ್ತಿಗೆ ಜಲಾಶಯದಲ್ಲಿ ನೀರು ನಿಲ್ಲಲು ಆರಂಭವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಅಳತೆಯಂತೆ ಅದು ಸುಮಾರು 105.8 ಟಿಎಂಸಿ ಅಡಿಗೆ ಇಳಿದಿತ್ತು. ಸುಮಾರು 27 ಟಿಎಂಸಿ ಅಡಿ ಜಾಗವನ್ನು ಹೂಳು ತಿಂದಿದೆ. ಎಡದಂಡೆ, ಬಲದಂಡೆ ಕಾಲುವೆಗಳ ಕೊನೆಯ ಭಾಗದ ರೈತರಿಗೆ ಇದರ ನೋವು ಗೊತ್ತು. ಆದರೆ ಇದರ ಇನ್ನೊಂದು ಮುಖವನ್ನು ನಾವು ಯೋಚಿಸುವುದಿಲ್ಲ. ಕಟ್ಟೆ ಇಲ್ಲದಿದ್ದರೆ ಮಣ್ಣಿನ ಜೊತೆ ಉಸುಕೂ ಕೆಳಗಿನ ಹೊಳೆಗೆ ಹರಿದು ಬರುತ್ತಿತ್ತು. ಈಗ ಅದು ಕಟ್ಟೆಯ ಹಿಂದೆಯೇ ಉಳಿಯುತ್ತದೆ. ಕೆಳಗಿನ ಹೊಳೆಗೆ ಹೊಸ ಉಸುಕು ಸಿಗುವುದು ಹೆಚ್ಚಾಗಿ ಅಲ್ಲಲ್ಲಿ ಸೇರುವ ಹಳ್ಳಗಳಿಂದ.

ಹೀಗಾಗಿ ಕಟ್ಟೆಯ ಕೆಳಗೆ ಇಂದು ಕಾಣುವ ಉಸುಕಿನ ಬಹುಪಾಲು ನಮ್ಮ ಹಿರಿಯರ ಕಾಲದಲ್ಲಿ ಬಂದು ಬಿದ್ದದ್ದು. ಅದು ಅಸಲು. ಹಳ್ಳಗಳು ತಂದು ಹಾಕುವ ಅಷ್ಟಿಷ್ಟು ಉಸುಕು ಮಾತ್ರ ಬಡ್ಡಿ. ಬಡ್ಡಿಯಲ್ಲಿ ಬದುಕುವವನ ಮನೆ ಉಳಿಯುತ್ತದೆ, ಅಸಲನ್ನೇ ಕರಗಿಸುವವನ ಮನೆ ಉಳಿಯುವುದಿಲ್ಲ. ಬಿತ್ತನೆಗೆಂದು ಬೂದಿ ಬೆರೆಸಿ ಇಟ್ಟ ಜೋಳವನ್ನು ಬೀಸಿ ರೊಟ್ಟಿ ಬಡಿದಂತೆ ಇದು.

ಈ ತತ್ವ ನನ್ನೊಬ್ಬನದಲ್ಲ. ವರ್ಷಕ್ಕೆ ಎಷ್ಟು ಉಸುಕು ಹೊಸದಾಗಿ ಬಂದು ತುಂಬಿಕೊಳ್ಳುತ್ತದೆ ಎಂಬ ಮರುಪೂರಣ ಅಧ್ಯಯನ ನಡೆಯಬೇಕೆಂದು ಕೇಂದ್ರ ಪರಿಸರ ಸಚಿವಾಲಯದ 2016 ಮತ್ತು 2020ರ ಮಾರ್ಗಸೂಚಿಗಳು ಹೇಳುತ್ತವೆ. ಆ ಅಧ್ಯಯನವಿಲ್ಲದ ಜಿಲ್ಲಾ ಸಮೀಕ್ಷಾ ವರದಿಯನ್ನು ನಂಬಿ ಗಣಿಗೆ ಪರಿಸರ ಅನುಮತಿ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಗುಂಡಿ ಒಂದೆಡೆ, ಕೊರೆತ ಇನ್ನೊಂದೆಡೆ

ಹೊಳೆಯಲ್ಲಿ ತೋಡಿದ ಗುಂಡಿ ತೋಡಿದ ಜಾಗದಲ್ಲೇ ಇರುವುದಿಲ್ಲ. ಪ್ರವಾಹ ಬಂದಾಗ ನೀರು ಗುಂಡಿಯ ಮೇಲ್ಭಾಗದ ಅಂಚಿನಿಂದ ಧುಮುಕುತ್ತದೆ. ಆ ಅಂಚು ಕುಸಿಯುತ್ತ ಗುಂಡಿ ಮೇಲ್ಮುಖವಾಗಿ ಬೆಳೆಯುತ್ತದೆ. ಕೆಳಗಿನ ಊರಿನವರು ಉಸುಕು ಮಾರಿದರೆ ಮೇಲಿನ ಊರಿನ ದಡ ಕುಸಿಯುವುದು ಹೀಗೆ. ಉಸುಕನ್ನು ಗುಂಡಿಯಲ್ಲಿ ಕಳೆದುಕೊಂಡ ನೀರು ಮುಂದೆ ಹೋಗುತ್ತ ಹಸಿದ ಎತ್ತಿನಂತೆ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ಸಿಗುವುದು ದಡದ ಗದ್ದೆ, ಬಾಳೆ ತೋಟ, ತೆಂಗಿನ ಸಾಲು.

ಪಾತ್ರ ಇಳಿದಾಗ ಪಂಪ್‌ಸೆಟ್ಟಿನ ಹೀರು ಕೊಳವೆ ನೀರಿಗೆ ಎಟಕುವುದಿಲ್ಲ. ಕುಡಿಯುವ ನೀರಿನ ಜಾಕ್‌ವೆಲ್ ಒಣಗುತ್ತದೆ. ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ. ಹೊಸಪೇಟೆ, ಕಂಪ್ಲಿ ಭಾಗದಲ್ಲಿ ವಿಜಯನಗರದ ಅರಸರ ಕಾಲದ ಒಡ್ಡುಗಳಿಂದ ಹೊರಟ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಶತಮಾನಗಳ ಪ್ರವಾಹ ತಾಳಿಕೊಂಡ ಆ ಒಡ್ಡುಗಳ ಬುಡದ ಪಾತ್ರವನ್ನು ಯಂತ್ರದಿಂದ ಬಗೆದರೆ ಅವು ತಾಳಲಾರವು.

ಪಟ್ಟಾ ಜಮೀನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಮೇಲ್ಮಣ್ಣು ಸರಿಸಿಟ್ಟು ಆಮೇಲೆ ಹರಡಿಕೊಡುತ್ತೇವೆ" ಎಂಬ ಭರವಸೆ ಮಾತಿನಲ್ಲಿ ಸರಿ. ಆದರೆ ಹೊಲದ ಮಟ್ಟ ಹೊಳೆಯ ಮಟ್ಟಕ್ಕೆ ಇಳಿದ ಮೇಲೆ ಮೊದಲ ಪ್ರವಾಹವೇ ಆ ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಹೊಳೆದಂಡೆಯ ಮೆಕ್ಕಲು ಮಣ್ಣಿನ ಒಂದು ಗೇಣು ಕೂಡಲು ಎಷ್ಟು ತಲೆಮಾರು ಬೇಕಾಯಿತೆಂದು ಯೋಚಿಸಿ. ಒಂದು ಸಲದ ರೊಕ್ಕಕ್ಕೆ ಹೊಲವನ್ನೇ ಹೊಳೆಗೆ ಬರೆದುಕೊಟ್ಟಂತಾಗುತ್ತದೆ. ಪಕ್ಕದ ಹೊಲದವನ ಬದುವೂ ಅದರೊಂದಿಗೆ ಹೋಗುತ್ತದೆ.

ಅದೇ ಉಸುಕಿನಲ್ಲಿ ಬಾಳುವ ಜೀವಿಗಳು

ಜಲಾಶಯದ ಕೆಳಗೆ ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಇಂಥ ಮೀಸಲು ದೇಶದಲ್ಲಿ ಇದೇ ಮೊದಲು. ಬಂಡೆಗಳ ಸಂದು, ದಡದ ಬಿಲ, ಆಪು ಜೊಂಡಿನ ಮರೆ ಅವುಗಳ ಮನೆ. ಹಿಂಡಾಗಿ ಮೀನು ಬೇಟೆಯಾಡಿ ಉಸುಕಿನ ದಿಣ್ಣೆಯ ಮೇಲೆ ಹೊರಳಾಡಿ ಮೈ ಒಣಗಿಸಿಕೊಳ್ಳುವುದು ಅವುಗಳ ರೂಢಿ. ಬಲೆ ಹರಿಯುತ್ತವೆ ಎಂದು ಮೀನುಗಾರರು ಅವುಗಳ ಮೇಲೆ ಬೇಸರಪಡುವುದುಂಟು. ಆದರೆ ಒಂದು ಮಾತು ನೆನಪಿರಲಿ. ಮೀನಿಲ್ಲದ, ಕೆಟ್ಟ ನೀರಿನ ಹೊಳೆಯಲ್ಲಿ ನೀರುನಾಯಿ ನಿಲ್ಲುವುದಿಲ್ಲ. ಅದು ಇದೆಯೆಂದರೆ ಹೊಳೆಗೆ ಇನ್ನೂ ಜೀವವಿದೆ ಎಂದು ತಿಳಿಯಬೇಕು.

ಇನ್ನು ಉಳಿದ ಜೀವಿಗಳ ಕಾಲಮಾನವನ್ನು ಗಮನಿಸಿ. ಮೊಸಳೆ ಬೇಸಿಗೆಯ ಮೊದಲಲ್ಲಿ ದಡದ ಉಸುಕು ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಹೊಳೆಯ ಆಮೆಗಳೂ ದಡದಲ್ಲೇ ಮೊಟ್ಟೆ ಹೂಳುತ್ತವೆ. ನದಿ ರೀವ ಹಕ್ಕಿ ಮಾರ್ಚ್‌ನಿಂದ ಮೇವರೆಗೆ ಬಯಲು ಉಸುಕಿನ ದಿಣ್ಣೆಯ ಮೇಲೆ, ನಡುಗಡ್ಡೆಯ ಮೇಲೆ ಮೊಟ್ಟೆ ಇಡುತ್ತದೆ. ಟಿಟ್ಟಿಭದ ಮೊಟ್ಟೆಯೂ ಬರಿ ನೆಲದ ಮೇಲೆಯೇ. ಅವು ಕಲ್ಲುಹರಳಿನಂತೆ ಕಾಣುವುದರಿಂದ ನಾಯಿ ನರಿಗಳ ಕಣ್ಣು ತಪ್ಪಬಹುದು. ಟಿಪ್ಪರಿನ ಗಾಲಿಯಿಂದ ತಪ್ಪುವುದಿಲ್ಲ.

ಮಳೆಗಾಲದಲ್ಲಿ ಹೊಳೆಯ ಉಸುಕು ತೆಗೆಯಬಾರದೆಂಬ ನಿಯಮವಿದೆ. ಅದು ಒಳ್ಳೆಯದೇ. ಆದರೆ ತೆಗೆಯುವ ಕೆಲಸವೆಲ್ಲ ಬೇಸಿಗೆಗೆ, ಅಂದರೆ ಈ ಜೀವಿಗಳು ಮೊಟ್ಟೆಯಿಡುವ ತಿಂಗಳುಗಳಿಗೇ ಬಂದು ಬೀಳುತ್ತದೆ. ಆದ್ದರಿಂದ ಇಂಥ ದಿಣ್ಣೆಗಳಲ್ಲಿ "ಸ್ವಲ್ಪ ಮಾತ್ರ ತೆಗೆಯುತ್ತೇವೆ" ಎಂಬ ಸಮಾಧಾನಕ್ಕೂ ಜಾಗವಿಲ್ಲ.

ಮೀಸಲು ಎಂದರೆ ಜಮೀನು ಹೋಗುವುದೇ?

ಕಾಡುಪ್ರಾಣಿಯ ಹೆಸರಿನಲ್ಲಿ ಗಡಿ ಬರೆದರೆ ನಾಳೆ ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಹಳ್ಳಿಗಳಲ್ಲಿದೆ. ಈ ಭಯವನ್ನು ಉಸುಕಿನ ವ್ಯಾಪಾರಿಗಳು ಬಳಸಿಕೊಳ್ಳುವುದೂ ಉಂಟು. ವಿಷಯ ಹೀಗಿದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಸರ್ಕಾರಿ ಭೂಮಿಯಲ್ಲಿ ಮಾತ್ರ ಘೋಷಿಸಬಹುದು. ಅದರ ಸಲಹಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿ ಇರಬೇಕು, ಕೃಷಿ ಇಲಾಖೆಯ ಪ್ರತಿನಿಧಿಯೂ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಪಂಚಾಯಿತಿಯ ಪ್ರತಿನಿಧಿ ಯಾರು, ಸಭೆ ಯಾವಾಗ ನಡೆಯಿತು ಎಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿ ನಿಷೇಧವಿರುವುದು ಬೆಂಕಿ ಹಚ್ಚುವುದು, ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿಯುವುದು ಮುಂತಾದವಕ್ಕೆ. ಇವುಗಳಿಂದ ರೈತನಿಗೂ ಲಾಭವಿಲ್ಲ.

ರೈತನ ನೀರಾವರಿಯೂ ಪ್ರಾಣಿಯ ನೆಲೆಯೂ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮೂಲದಲ್ಲಿ ಊರಿನ ನೀರಾವರಿ ಕೆರೆ. ಅದರ ಕರಿಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು, ಊರಿನವರು ಕಾಯ್ದರು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೊಂದಿಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕಾವೇರಿಯ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದೂ 17ನೇ ಶತಮಾನದಲ್ಲಿ ನೀರಾವರಿಗೆಂದು ಹೊಳೆಗೆ ಕಟ್ಟಿದ ಒಡ್ಡಿನಿಂದಲೇ.

ಕೆರೆಗಳ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆರೆಯ ಗೋಡುಮಣ್ಣನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವುದು ಹಿರಿಯರ ಒಳ್ಳೆಯ ಪದ್ಧತಿ, ಅದನ್ನು ಮುಂದುವರಿಸಿ. ಆದರೆ ಹೂಳಿನ ಹೆಸರಿನಲ್ಲಿ ಇಟ್ಟಿಗೆ ಭಟ್ಟಿಗೆ, ಬಡಾವಣೆಗೆ ಆಳವಾಗಿ ಬಗೆಯುವುದು ಗಣಿಯೇ ಹೊರತು ಹೂಳೆತ್ತುವುದಲ್ಲ.

ಬೆಟ್ಟದಲ್ಲಿ ಗಣಿ, ಹೊಳೆಯಲ್ಲಿ ಹೂಳು

ಹೊಳೆಗೆ ಪೆಟ್ಟು ಬೀಳಲು ಗಣಿ ಹೊಳೆಯಲ್ಲೇ ಇರಬೇಕೆಂದಿಲ್ಲ. ನಮ್ಮ ತುಂಗಭದ್ರೆಯ ತಲೆಯಲ್ಲೇ ಅದಕ್ಕೆ ಪಾಠವಿದೆ. ಭದ್ರೆ ಹುಟ್ಟುವ ಕುದುರೆಮುಖ ಸೀಮೆಯಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅಂಥ ಕಡೆ ಬೆಟ್ಟದ ಹುಲ್ಲಿನ ಹೊದಿಕೆ ಸುಲಿದು ಕಬ್ಬಿಣದ ಅದಿರು ತೆಗೆಯಲಾಯಿತು. ಭದ್ರೆಗೆ ಕೆಂಪು ಹೂಳು ಹರಿಯಿತು. ಕೆಳಗಿನ ರೈತರು, ಪರಿಸರದ ಕಾಳಜಿಯುಳ್ಳವರು ಬಹುಕಾಲ ವಿರೋಧಿಸಿದರು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ಮುಚ್ಚಲು ಆದೇಶಿಸಿತು. 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತದ್ದರಿಂದ ಅಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು, ಅದನ್ನು ಮರೆಮಾಚಬಾರದು. ಆದರೂ ಸಾರ್ವಜನಿಕ ಉದ್ಯಮವೊಂದು ದಶಕಗಳ ಕಾಲ ನಡೆಸಿದ ಗಣಿಯನ್ನು ಕಾನೂನಿನ ಮಾರ್ಗದಲ್ಲಿ ನಿಲ್ಲಿಸಲು ಸಾಧ್ಯವಾಗಿರುವಾಗ, ಇನ್ನೂ ಪ್ರಸ್ತಾವದ ಹಂತದಲ್ಲಿರುವ ಒಂದು ಮರಳು ಬ್ಲಾಕನ್ನು ಊರಿನವರು ತಡೆಯಲಾರರೇ? ಆರಂಭವಾದ ಗಣಿಯನ್ನು ಮುಚ್ಚಿಸುವುದು ಕಷ್ಟ. ಆರಂಭವಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಸುಲಭ.

ಮನೆ ಕಟ್ಟುವವರು ಏನು ಮಾಡಬೇಕು?

ಇದು ನ್ಯಾಯವಾದ ಪ್ರಶ್ನೆ. ರೈತನೂ ಮನೆ ಕಟ್ಟಬೇಕು, ಶಾಲೆಗೂ ಉಸುಕು ಬೇಕು. ಟ್ರ್ಯಾಕ್ಟರ್ ಸಾಲ ತೀರಿಸಲು ಉಸುಕು ಹೊಡೆಯುವ ಹುಡುಗರು ನಮ್ಮ ಊರಿನವರೇ. ಅವರನ್ನೆಲ್ಲ ಕಳ್ಳರೆಂದು ಬೈದರೆ ಸಮಸ್ಯೆ ಬಗೆಹರಿಯುವುದಿಲ್ಲ. ಸ್ಥಳೀಯ ಬಳಕೆಗೆ ಹಳ್ಳ ತೊರೆಗಳ ಉಸುಕನ್ನು ಗ್ರಾಮ ಪಂಚಾಯಿತಿಗಳ ಮೂಲಕ ಒದಗಿಸುವ ಮಾರ್ಗವನ್ನು ರಾಜ್ಯದ 2020ರ ಮರಳು ನೀತಿ ತೋರಿಸಿತು. ವರ್ಷ ವರ್ಷವೂ ಹೊಸದಾಗಿ ಉಸುಕು ಬಂದು ಬೀಳುವ ಹಳ್ಳದಲ್ಲಿ, ಯಂತ್ರವಿಲ್ಲದೆ, ಊರಿನ ಅಗತ್ಯದಷ್ಟನ್ನು ಅಳತೆ ಮಾಡಿ ತೆಗೆಯುವುದು ಬಡ್ಡಿಯನ್ನು ಬಳಸಿದಂತೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಊರ ಹುಡುಗರಿಗೂ ಅದರಲ್ಲಿ ಕೆಲಸವಿದೆ.

ದೊಡ್ಡ ಕಟ್ಟಡ, ರಸ್ತೆ, ನಗರದ ಕೆಲಸಗಳಿಗೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಕೆಗೆ ಬಂದಿದೆ. ಅದಕ್ಕೂ ಕಲ್ಲು ಕ್ವಾರಿ ಬೇಕು, ಅದರ ದೂಳು ಬೆಳೆಯ ಎಲೆಗಳ ಮೇಲೆ ಕೂರುತ್ತದೆ. ಆದ್ದರಿಂದ ಕ್ವಾರಿಗೆ ಜಾಗ ಆರಿಸುವಾಗಲೂ ಹೊಲ, ಕೆರೆ, ಊರುಗಳಿಂದ ದೂರವಿರುವಂತೆ ಒತ್ತಾಯಿಸಬೇಕು. ಆದರೆ ದೂರದ ನಗರದ ಗೋಡೆಗೆ ತುಂಗಭದ್ರೆಯ ಅಸಲು ಹೋಗಬೇಕಾದ ಅಗತ್ಯ ಈಗಿಲ್ಲ.

ನೀವು ಮಾಡಬೇಕಾದದ್ದು

1. ಮರಳು ಬ್ಲಾಕುಗಳ ಪಟ್ಟಿ ಇರುವ ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಜಿಲ್ಲೆಯ ಜಾಲತಾಣದಲ್ಲೂ 21 ದಿನ ಸಾರ್ವಜನಿಕರ ಅವಗಾಹನೆಗೆ ಇಡಬೇಕೆಂಬ ನಿಯಮವಿದೆ. ವಾಚನಾಲಯದಲ್ಲಿ ಸೇರುವ ಓದುಬಲ್ಲ ಯುವಕರು ಅದನ್ನು ತರಿಸಿ, ಎಲ್ಲರಿಗೂ ಓದಿ ಹೇಳಬೇಕು. ಆಕ್ಷೇಪಣೆಯನ್ನು ಆ ಅವಧಿಯೊಳಗೇ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು.

2. ಗ್ರಾಮ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ: ಮರುಪೂರಣ ಅಧ್ಯಯನ ನಡೆದಿದೆಯೇ? ಎಷ್ಟು ಆಳ ತೆಗೆಯುತ್ತಾರೆ? (3 ಮೀಟರ್ ಮೀರುವಂತಿಲ್ಲ, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗುವಂತಿಲ್ಲ.) ಬಾವಿ, ಜಾಕ್‌ವೆಲ್, ಸೇತುವೆ, ಒಡ್ಡು ಎಷ್ಟು ದೂರದಲ್ಲಿವೆ? ನೀರುನಾಯಿ ಮೀಸಲಿನ ಗಡಿ ಎಲ್ಲಿದೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

3. ಪರಿಸರ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಚಿಕ್ಕ ವಿಸ್ತೀರ್ಣದ ಮರಳು ಗುತ್ತಿಗೆಗೂ ಅದು ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲೇ ಆದೇಶಿಸಿದೆ.

4. ಬೇಸಿಗೆಯ ಪ್ರತಿ ತಿಂಗಳು ಹೊಳೆದಂಡೆಯ ನಾಲ್ಕಾರು ಬಾವಿಗಳ ನೀರಿನ ಮಟ್ಟವನ್ನು ಗುರುತು ಹಾಕಿದ ಹಗ್ಗದಿಂದ ಅಳೆದು ತಾರೀಖಿನೊಂದಿಗೆ ಬರೆದಿಡಿ. ಖರ್ಚಿಲ್ಲದ ಈ ಪುಸ್ತಕ ನಾಳೆ ಅಧಿಕಾರಿಗಳ ಮುಂದೆ ನಿಮ್ಮ ಸಾಕ್ಷಿ.

5. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಲಕ್ಕಿ, ಬಿದಿರು ಬೆಳೆಸಿ. ನೀರಿನಂಚಿನ ಆಪು ಜೊಂಡನ್ನು ಪೂರ್ತಿ ಸುಡಬೇಡಿ. ಬೇರುಗಳು ದಡ ಹಿಡಿಯುತ್ತವೆ, ಪೊದೆಗಳು ಪ್ರಾಣಿಗಳಿಗೆ ಮರೆಯಾಗುತ್ತವೆ.

6. ಪಟ್ಟಾ ಜಮೀನಿನ ಕರಾರಿಗೆ ಒಬ್ಬರೇ ಕೂತು ಸಹಿ ಹಾಕಬೇಡಿ. ಅಕ್ಕಪಕ್ಕದ ಹೊಲದವರನ್ನು ಕರೆದು ಚರ್ಚಿಸಿ. ಒಬ್ಬನ ದಡ ಹೋದರೆ ಸಾಲಿನವರೆಲ್ಲರ ದಡ ಹೋಗುತ್ತದೆ.

ಮೇಲಿನ ಊರು ಕಾಯ್ದು ಕೆಳಗಿನ ಊರು ಮಾರಿದರೆ ಪ್ರಯೋಜನವಿಲ್ಲ. ಹೊಳೆಸಾಲಿನ ಐದಾರು ಪಂಚಾಯಿತಿಗಳು ಕೂಡಿ ಒಂದೇ ನಿರ್ಣಯ ಮಾಡಬೇಕು. ಈ ಬಾರಿಯ ಗ್ರಾಮ ಸಭೆಯ ವಿಷಯ ಪಟ್ಟಿಯಲ್ಲಿ "ಹೊಳೆಯ ಉಸುಕು" ಎಂಬ ಎರಡು ಪದ ಇರುವಂತೆ ಇಂದೇ ನಿಮ್ಮ ಸದಸ್ಯರಿಗೆ ಹೇಳಿ. ಟಿಪ್ಪರು ಹೊಳೆಗೆ ಇಳಿಯಲು ದಾರಿ ಕಡಿದ ಮೇಲೆ ಸಭೆ ಸೇರಿದರೆ ಮಾತಾಡಲು ಉಳಿಯುವುದು ಗುಂಡಿಯ ಆಳ ಮಾತ್ರ.